ಬಿಡುವಿಲ್ಲದವರ ಹಳೇ ಪಿಕಪ್

ಪ್ರಶ್ನೆ: ನನ್ನದು 2013ರ ಬೊಲೆರೊ ಪಿಕಪ್. ಮೀಟರು ನಾಲ್ಕು ಲಕ್ಷ ಕಿ.ಮೀ. ದಾಟಿದೆ. ನಮ್ಮದೂ ಅಕ್ಕಪಕ್ಕದ ತೋಟದವರದೂ ಟೊಮ್ಯಾಟೊ ತುಂಬಿಕೊಂಡು ಕೋಲಾರದ ಎ.ಪಿ.ಎಂ.ಸಿ.ಗೆ ಹೋಗುತ್ತೇನೆ, ಆಗಾಗ ಬೆಂಗಳೂರಿಗೂ ಬಾಡಿಗೆ ಇರುತ್ತದೆ. ಸೀಸನ್ನಿನಲ್ಲಿ ಗಾಡಿ ಒಂದು ದಿನ ನಿಂತರೆ ಬಾಡಿಗೆ ಬೇರೆಯವರ ಪಾಲು. ತೋಟದ ಕೆಲಸವೂ ನನ್ನ ಮೇಲೆಯೇ ಇರುವುದರಿಂದ ಗ್ಯಾರೇಜಿನಲ್ಲಿ ಕೂರಲು ಪುರಸೊತ್ತಿಲ್ಲ. ದಿನಕ್ಕೆ ಐದು ನಿಮಿಷ, ತಿಂಗಳಿಗೆ ಅರ್ಧ ದಿನ ಕೊಡಬಲ್ಲೆ. ಇಷ್ಟರಲ್ಲೇ ಇನ್ನು ಎರಡು ಮೂರು ವರ್ಷ ಓಡಿಸಬಹುದೇ, ಇಲ್ಲ ಮಾರಿಬಿಡಲೇ?
– ಓದುಗರೊಬ್ಬರು, ಮುಳಬಾಗಿಲು ತಾಲ್ಲೂಕು

ಉತ್ತರ: ಛಾಸಿ ಗಟ್ಟಿಯಾಗಿದ್ದು ಇಂಜಿನ್ ಆಯಿಲ್ ಕುಡಿಯುತ್ತಿಲ್ಲವಾದರೆ ಧಾರಾಳವಾಗಿ ಓಡಿಸಬಹುದು. ನೀವು ಹೇಳಿದ ಐದು ನಿಮಿಷವೂ ಅರ್ಧ ದಿನವೂ ಕಡಿಮೆಯೇನಲ್ಲ. ಆದರೆ ಆ ಸಮಯವನ್ನು ಎಲ್ಲಿ ಖರ್ಚು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹಳೇ ಗಾಡಿಯ ರಿಪೇರಿಯಲ್ಲಿ ಹೆಚ್ಚು ಹೊತ್ತು ತಿನ್ನುವುದು ಹೊಸ ಸಾಮಾನು ಕೂರಿಸುವ ಕೆಲಸವಲ್ಲ. ಆ ಜಾಗಕ್ಕೆ ಕೈ ಹೋಗುವಂತೆ ಸುತ್ತಲಿನದನ್ನೆಲ್ಲ ಬಿಚ್ಚುವುದು, ಬಿಚ್ಚಿಟ್ಟ ಮೇಲೆ ಸಾಮಾನು ಬರಲೆಂದು ಕಾಯುವುದು, ಈ ಎರಡರಲ್ಲೇ ದಿನ ಕಳೆಯುತ್ತದೆ. ಒಂದು ಜಾಗವನ್ನು ಒಂದೇ ಸಲ ಬಿಚ್ಚಿಸುವುದು, ಬಿಚ್ಚುವ ಮೊದಲೇ ಸಾಮಾನು ಕೈಯಲ್ಲಿರುವಂತೆ ನೋಡಿಕೊಳ್ಳುವುದು: ಬಿಡುವಿಲ್ಲದವರಿಗೆ ನಾನು ಹೇಳುವ ಮುಖ್ಯ ಮಾತು ಇದೇ.

ಮೊದಲು ಗಾಡಿಯ ತಾಪತ್ರಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೂರು ಪಾಲು ಮಾಡಿ. ಪ್ರಾಣಕ್ಕೆ ಕುತ್ತು ತರುವುದು ಒಂದು ಪಾಲು: ಬ್ರೇಕು, ಟೈರು, ಸ್ಟೀರಿಂಗಿನ ಟೈ ರಾಡ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್. ದಾರಿಯಲ್ಲಿ ನಿಲ್ಲಿಸುವುದು ಇನ್ನೊಂದು: ಕೂಲೆಂಟ್, ಬೆಲ್ಟು, ಬ್ಯಾಟರಿ, ಡೀಸೆಲ್ ಫಿಲ್ಟರ್, ಕ್ಲಚ್ಚು. ಬರೀ ಸದ್ದು ಮಾಡುವುದು ಮೂರನೆಯದು: ಬಾಗಿಲ ಗಡಗಡ, ಡ್ಯಾಶ್‌ಬೋರ್ಡಿನ ಕಿರಿಕಿರಿ, ಕೆಲಸ ಮಾಡದ ಕಿಟಕಿ ಹ್ಯಾಂಡಲ್. ಮೊದಲ ಪಾಲಿನದಕ್ಕೆ ಸೀಸನ್ ಅಂತ ಕಾಯುವ ಹಾಗಿಲ್ಲ, ಅವತ್ತೇ ಆಗಬೇಕು. ಎರಡನೆಯದನ್ನು ಕೆಡುವ ಮೊದಲೇ ಬದಲಿಸಬೇಕು. ಮೂರನೆಯದು ಹಾಗೇ ಇರಲಿ. ಎಷ್ಟೋ ಜನ ಕಿವಿಗೆ ಕೇಳುವ ಸದ್ದಿನ ಹಿಂದೆ ಬಿದ್ದು ಅರ್ಧ ದಿನ ಕಳೆಯುತ್ತಾರೆ. ಸದ್ದೇ ಮಾಡದ ಕೂಲೆಂಟ್ ಪೈಪು ಅವರನ್ನು ನಡುದಾರಿಯಲ್ಲಿ ಕೈಬಿಡುತ್ತದೆ.

ಬೆಳಗಿನ ಐದು ನಿಮಿಷ

ಸೆಲ್ಫ್ ಹೊಡೆಯುವ ಮೊದಲು, ಇಂಜಿನ್ ತಣ್ಣಗಿರುವಾಗ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಬಾನೆಟ್ ಎತ್ತಿ. ಆಯಿಲ್ ಗೇಜ್ ಎಳೆದು, ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆದು ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ, ಆ ಬಣ್ಣಕ್ಕೆ ಹೆದರಬೇಡಿ. ಅದೇ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ ಎಂದರ್ಥ, ಗಾಡಿ ಸ್ಟಾರ್ಟ್ ಮಾಡಬೇಡಿ. ಮಟ್ಟ ಇಳಿಯುವ ಬದಲು ಏರಿದ್ದರೂ ನಿಲ್ಲಿಸಿ. ಡೀಸೆಲ್ಲೋ ನೀರೋ ಆಯಿಲ್‌ಗೆ ಇಳಿಯುತ್ತಿರಬೇಕು.

ಆಮೇಲೆ ಕೂಲೆಂಟ್ ಡಬ್ಬಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗಿನ ಸಣ್ಣ ಕೊಳವೆಗಳಲ್ಲೂ ಆ ಬಿಳಿ ಪದರ ಕಟ್ಟುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಲೋಡ್ ಹಾಕಿಕೊಂಡು ಏರು ಹತ್ತುವಾಗ ಗಾಡಿ ಕಾಯುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಕೂಲೆಂಟ್ ಬರೀ ತಂಪಿಗಲ್ಲ, ತುಕ್ಕು ಹಿಡಿಯದಂತೆ ತಡೆಯುವುದೂ ಕುದಿಯುವ ಮಟ್ಟವನ್ನು ಮೇಲೇರಿಸುವುದೂ ಅದೇ. ಸೀದಾ ಸುರಿಯುವಂಥ ರೆಡಿಮಿಕ್ಸ್ ಕ್ಯಾನು ಒಂದು ಗಾಡಿಯಲ್ಲೇ ಇರಲಿ. ತುರ್ತಿಗೆ ನೀರು ಹಾಕಲೇಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ.

ಇನ್ನೊಂದು ಮಾತು. ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಪೈಪು ಒಡೆದು ಕೂಲೆಂಟ್ ಎಲ್ಲಾ ಸೋರಿಹೋದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಕೂತಿರಬಹುದು. ಕಾದ ವಾಸನೆ ಬಂದರೆ, ಎಳೆತ ಕುಗ್ಗಿದರೆ, ಮುಳ್ಳು ಏನೇ ಹೇಳಲಿ, ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ. ಹೆಡ್ ಬಾಗಿದರೆ ಅಥವಾ ಬಿರುಕು ಬಿಟ್ಟರೆ ಒಂದು ದಿನದ ಕೆಲಸ ಒಂದು ವಾರಕ್ಕೆ ಹೋಗುತ್ತದೆ. ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವ ಗ್ಯಾರೇಜುಗಳಿವೆ. ಅದಕ್ಕೆ ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಬಾನೆಟ್ ಮುಚ್ಚುವ ಮುನ್ನ ಬೆಲ್ಟಿನ ಮೇಲೆ ಕಣ್ಣಾಡಿಸಿ. ಒಳಮೈಯಲ್ಲಿ ಬಿರುಕು, ಅಂಚಿನಲ್ಲಿ ನೂಲು ಕಂಡರೆ ಆ ವಾರವೇ ಬದಲಿಸಿ. ಫ್ಯಾನ್ ಬೆಲ್ಟಿಗೇ ವಾಟರ್ ಪಂಪೂ ಜೋಡಿಸಿರುವ ಗಾಡಿಗಳಲ್ಲಿ ಬೆಲ್ಟ್ ಕಡಿದರೆ ಡೈನಮೋ ಮತ್ತು ಪಂಪು ಎರಡೂ ಒಟ್ಟಿಗೇ ನಿಲ್ಲುತ್ತವೆ. ಕೊನೆಗೆ ನಿನ್ನೆ ರಾತ್ರಿ ಗಾಡಿ ನಿಂತಿದ್ದ ನೆಲ ನೋಡಿ. ಕಪ್ಪು ಕಲೆಯಾದರೆ ಇಂಜಿನ್ ಆಯಿಲ್. ದಪ್ಪಗೆ, ಘಾಟು ವಾಸನೆಯಿದ್ದರೆ ಗೇರ್ ಆಯಿಲ್. ಹಸಿರೋ ಕೆಂಪೋ ಬಣ್ಣದ ನೀರಾದರೆ ಕೂಲೆಂಟ್. ಚಕ್ರದ ಒಳಬದಿಯಲ್ಲಿ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ಹೊರಡಿಸುವ ಹಾಗಿಲ್ಲ.

ಮಂಡಿಯ ಸರದಿ ನಿಮ್ಮ ಗ್ಯಾರೇಜು

ಕೋಲಾರದ ಮಾರುಕಟ್ಟೆಯಲ್ಲಿ ಅನ್‌ಲೋಡ್ ಆಗುವವರೆಗೆ, ಹರಾಜು ಮುಗಿದು ಖಾಲಿ ಕ್ರೇಟು ವಾಪಸು ಸಿಗುವವರೆಗೆ ಹೇಗಿದ್ದರೂ ಕಾಯುತ್ತೀರಿ. ಆ ಹೊತ್ತು ಮೊಬೈಲಿಗೆ ಹೋಗದಿರಲಿ. ಗಾಡಿ ಆಗಷ್ಟೇ ಓಡಿ ಬಂದಿರುವುದರಿಂದ ಕೆಲವು ರೋಗ ಅಲ್ಲೇ ಗೊತ್ತಾಗುತ್ತವೆ. ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಈ ಪರೀಕ್ಷೆ ಮನೆಯಂಗಳದಲ್ಲಿ ತಣ್ಣಗೆ ನಿಂತ ಗಾಡಿಯಲ್ಲಿ ಆಗುವುದಿಲ್ಲ.

ಟೈರಿನ ಪಕ್ಕೆಯಲ್ಲಿ ಉಬ್ಬು, ಸೀಳು ನೋಡಿ. ಗುಂಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂಬುದು ಕಾನೂನು. ಅಳತೆಪಟ್ಟಿ ಬೇಕಿಲ್ಲ, ಗುಂಡಿಯ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಬ್ಬಕ್ಕೆ ಟೈರು ಸಮನಾದರೆ ಅದರ ಕಥೆ ಮುಗಿಯಿತು. ಸೆಕೆಂಡ್ ಹ್ಯಾಂಡ್ ಟೈರು ಹಾಕಿಸುವವರು ಪಕ್ಕೆಯಲ್ಲಿರುವ ನಾಲ್ಕಂಕಿ ಓದಲಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಾಗಿದ್ದರೂ ರಬ್ಬರು ಒಣಗಿ ಬಿರಿದಿದ್ದರೆ ಲೋಡಿನಲ್ಲಿ ಸಿಡಿಯುತ್ತದೆ. ಗಾಳಿಯನ್ನು ಮಾತ್ರ ಇಲ್ಲಿ ನೋಡಬೇಡಿ. ಬಿಸಿ ಟೈರಿನಲ್ಲಿ ಒತ್ತಡ ಹೆಚ್ಚು ತೋರುತ್ತದೆ, ಬೆಳಿಗ್ಗೆ ಹೊರಡುವಾಗಲೇ ನೋಡಿ.

ಬ್ಯಾಟರಿಗೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಚಾರ್ಜ್ ಪೂರ್ತಿ ಇದೆ, 12.2 ತೋರಿದರೆ ಅರ್ಧ ಇಳಿದಿದೆ. ಇಂಜಿನ್ ಓಡುತ್ತಿರುವಾಗ 13.8ರಿಂದ 14.5ರ ಒಳಗೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೆಲ್ಟನ್ನೂ ಡೈನಮೋವನ್ನೂ ನೋಡಿಸಿ, ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ. ಬ್ಯಾಟರಿ ಹೋಗಿದೆ ಎಂದು ಅಂಗಡಿಯವರು ಹೇಳಿದಾಗ ಈ ಎರಡು ಅಂಕಿ ನಿಮ್ಮ ಕಿಸೆ ಉಳಿಸುತ್ತವೆ. ಟರ್ಮಿನಲ್ ಮೇಲೆ ಬೂದಿ ಬಣ್ಣದ ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ತಿಂಗಳ ಅರ್ಧ ದಿನ

ಆಯಿಲ್ ಬದಲಿಸುವ ಲೆಕ್ಕದಲ್ಲಿ ಕಂಪನಿಯ ಪುಸ್ತಕದ ಅಂಕಿಗಿಂತ ಮೊದಲೇ ಇರಿ. ಧೂಳು, ಲೋಡು, ಹಳೇ ಇಂಜಿನ್ ಮೂರೂ ಸೇರಿದಾಗ ಕಾಲು ಭಾಗ ಕಡಿಮೆ ಮಾಡಿಕೊಳ್ಳುವುದು ಕ್ಷೇಮ. ಪುಸ್ತಕ 10,000 ಎಂದರೆ ನೀವು 7,500ಕ್ಕೆ ಬದಲಿಸಿ. ಅವತ್ತೇ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಲೀಫ್ ಸ್ಪ್ರಿಂಗಿನ ಶ್ಯಾಕಲ್‌ಗೆ ಗ್ರೀಸ್ ಹೊಡೆಸಿ. ಸೀಲಿನ ಅಂಚಿನಿಂದ ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಲಿ. ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿದಾಗ ಕೆಳಗಿನಿಂದ ‘ಟಕ್’ ಎಂದರೆ ಕ್ರಾಸ್ ಸವೆದಿದೆ. ಈಗಲೇ ಹಾಕಿಸಿದರೆ ಅದೊಂದು ಸಣ್ಣ ಕೆಲಸ. ಓಡುವಾಗ ಶಾಫ್ಟ್ ಕಳಚಿ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಡೀಸೆಲ್ ಫಿಲ್ಟರಿನ ಕೆಳಗಿರುವ ಸ್ಕ್ರೂ ಸಡಿಲಿಸಿ ಒಂದು ಪಾರದರ್ಶಕ ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿ. ನೀರಿದ್ದರೆ ಎರಡು ನಿಮಿಷದಲ್ಲಿ ತಳಕ್ಕೆ ಸೇರಿ ಬೇರೆಯಾಗಿ ಕಾಣುತ್ತದೆ. ನಿಮ್ಮದು ಕಾಮನ್ ರೈಲ್ ಇಂಜಿನ್ ಆಗಿದ್ದರೆ ಇದನ್ನು ಬಿಡಲೇಬೇಡಿ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಆ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ಲೇ ಎಣ್ಣೆ, ನೀರು ಸೇರಿದರೆ ಬೇಗ ಹಾಳಾಗುತ್ತವೆ. ಏರ್ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಹತ್ತಿರದಿಂದ ಹೊಡೆಯಬೇಡಿ, ಕಾಗದ ಹರಿಯುತ್ತದೆ. ಒಳಗಿನಿಂದ ಹೊರಕ್ಕೆ, ಮೆಲ್ಲಗೆ.

ಈಗ ಬಿಚ್ಚುವ ಕೆಲಸಕ್ಕೆ ಬರೋಣ. ಕ್ಲಚ್ಚನ್ನೇ ತೆಗೆದುಕೊಳ್ಳಿ. ಕ್ಲಚ್ ಪ್ಲೇಟ್ ಹಾಕಲು ಗೇರ್ ಬಾಕ್ಸ್ ಇಳಿಸಬೇಕು, ಸಮಯವೂ ಕೂಲಿಯೂ ಬಹುಪಾಲು ಅಲ್ಲೇ ಹೋಗುತ್ತದೆ. ಇಳಿಸಿದ ಮೇಲೆ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಇಂಜಿನ್ನಿನ ಹಿಂದಿನ ಆಯಿಲ್ ಸೀಲು ಎಲ್ಲವೂ ಕೈಗೆಟಕುತ್ತವೆ. ಪ್ಲೇಟ್ ಮಾತ್ರ ಹಾಕಿಸಿ ದುಡ್ಡು ಉಳಿಸಿದಿರಿ ಎಂದುಕೊಳ್ಳಿ. ಎರಡೇ ತಿಂಗಳಿಗೆ ಆ ಸೀಲಿನಿಂದ ಆಯಿಲ್ ಸೋರಿ ಹೊಸ ಪ್ಲೇಟಿನ ಮೇಲೆ ಬಿದ್ದರೆ ಕ್ಲಚ್ ಜಾರತೊಡಗುತ್ತದೆ, ಗೇರ್ ಬಾಕ್ಸ್ ಮತ್ತೆ ಇಳಿಯುತ್ತದೆ. ಮೇಸ್ತ್ರಿ ‘ಹೆಂಗೂ ಬಿಚ್ಚಿದ್ದೀವಲ್ಲಣ್ಣ, ಸೀಲೂ ಹಾಕ್ಬಿಡೋಣ’ ಎಂದರೆ ದುಡ್ಡು ಕೀಳಲು ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿ. ಹಳೇ ಗಾಡಿಯಲ್ಲಿ ಇದು ಸರಿಯಾದ ಮಾತೇ. ವಾಟರ್ ಪಂಪಿಗೂ ಇದೇ ಲೆಕ್ಕ: ಅದನ್ನು ಬಿಚ್ಚಿದ ದಿನವೇ ಬೆಲ್ಟು, ಹೋಸ್ ಪೈಪು, ಕ್ಲಿಪ್ಪು, ಥರ್ಮೋಸ್ಟಾಟ್ ಎಲ್ಲ ಹೊಸದಾಗಲಿ. ಹಿಂದಿನ ಡ್ರಮ್ ಬಿಚ್ಚಿದಾಗ ಲೈನರ್ ಜೊತೆ ವೀಲ್ ಸಿಲಿಂಡರಿನ ರಬ್ಬರು ಕೂಡ.

ಹಾಗೆಂದು ಬಿಚ್ಚಿದ ನೆಪದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬದಲಿಸಿ ಎಂದಲ್ಲ. ಆ ಸಾಮಾನಿನ ಬೆಲೆ ಮತ್ತೊಮ್ಮೆ ಬಿಚ್ಚುವ ಕೂಲಿಗಿಂತ ಕಡಿಮೆಯೇ ಎಂದು ಕೇಳಿ. ಕಡಿಮೆಯಿದ್ದರೆ ಹಾಕಿಸಿ. ಹೆಚ್ಚಿದ್ದರೆ, ಇರುವುದು ಚೆನ್ನಾಗಿದ್ದರೆ, ಬಿಡಿ.

ಸಾಮಾನು ಮೊದಲು, ಗಾಡಿ ಆಮೇಲೆ. ಮೇಸ್ತ್ರಿಯಿಂದ ಪಟ್ಟಿ ಬರೆಸಿಕೊಂಡು, ಛಾಸಿ ನಂಬರ್ ಫೋಟೊ ತೆಗೆದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಯಲ್ಲಿ ವರ್ಷ ಬದಲಾದರೆ ಸಾಮಾನೂ ಬದಲಾಗುವುದುಂಟು. ಬೆಂಗಳೂರಿಗೆ ಬಾಡಿಗೆ ಹೋದ ದಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ ಮೊದಲೇ ತಂದಿಟ್ಟುಕೊಳ್ಳಿ. ಬ್ರೇಕು, ಸ್ಟೀರಿಂಗು, ಬೇರಿಂಗಿನ ಸಾಮಾನಿನಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ಬಾಗಿಲು, ಲೈಟಿನ ಗಾಜು, ಬಂಪರ್ ಗುಜರಿಯದ್ದಾದರೂ ನಡೆಯುತ್ತದೆ. ಸಾಮಾನು ಎದುರಿಗಿದ್ದರೆ ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಎದ್ದು ಬರುವ ಸಂಭವ ಹೆಚ್ಚು.

ನೀವು ಬರೆಯದೆ ಬಿಟ್ಟ ವಿಷಯ: ಲೋಡು

ಎಷ್ಟು ಕ್ರೇಟು ಹಾಕುತ್ತೀರೆಂದು ನೀವು ಬರೆದಿಲ್ಲ, ಹಾಗಾಗಿ ಲೆಕ್ಕ ನಾನೇ ಹಾಕುತ್ತೇನೆ. ಆರ್.ಸಿ.ಯಲ್ಲಿ ಲೋಡ್ ಸಹಿತದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉತ್ತರ 1,250 ಕೆ.ಜಿ. ಬಂತು ಎಂದುಕೊಳ್ಳೋಣ. ಕೋಲಾರದ ಟೊಮ್ಯಾಟೊ ಕ್ರೇಟು 15 ಕೆ.ಜಿ.ಯದು, ಅಂದರೆ 83 ಕ್ರೇಟಿಗೆ ಮಿತಿ ಮುಗಿಯಿತು. ಖಾಲಿ ಕ್ರೇಟಿನ ತೂಕ ಸೇರಿಸಿದರೆ ಇನ್ನೂ ಕಡಿಮೆ. 120 ಹಾಕಿದರೆ ಹಣ್ಣಿನದೇ 1,800 ಕೆ.ಜಿ., ಅರ್ಧ ಟನ್ನಿಗೂ ಮೇಲೆ ಹೆಚ್ಚುವರಿ. ಆ ಹೆಚ್ಚುವರಿ ಭಾರ ಬೀಳುವುದು ಹಿಂದಿನ ಟೈರು, ಸ್ಪ್ರಿಂಗ್ ಪ್ಲೇಟು, ಹೌಸಿಂಗ್ ಬೇರಿಂಗ್, ಕ್ಲಚ್ಚು, ಬ್ರೇಕ್ ಲೈನರಿನ ಮೇಲೆ. ಅಂದರೆ ನಿಮ್ಮ ಸಮಯ ತಿನ್ನುವ ಸಾಮಾನುಗಳೆಲ್ಲದರ ಮೇಲೆ. ಇದರ ಜೊತೆಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸೀಸನ್ನಿನಲ್ಲಿ ಇಪ್ಪತ್ತು ಕ್ರೇಟು ಕಡಿಮೆ ಹಾಕುವುದೇ ಹಳೇ ಗಾಡಿಗೆ ನೀವು ಮಾಡಬಹುದಾದ ಅತಿ ದೊಡ್ಡ ರಿಪೇರಿ. ಅದಕ್ಕೆ ಒಂದು ನಿಮಿಷವೂ ಬೇಕಿಲ್ಲ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವ ಚಾಳಿ ಇದ್ದರೆ ಇವತ್ತೇ ಬಿಡಿ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಇಂಜಿನ್ ಓಡಿದರೆ ಮಾತ್ರ ಓಡುತ್ತದೆ. ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಉಳಿದದ್ದೂ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುವಂಥದ್ದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ವರ್ಷಕ್ಕೆರಡು ದಿನ

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಆಗಲೇಬೇಕು. ಎಫ್.ಸಿ. ಇಲ್ಲದ ಸಾರಿಗೆ ವಾಹನ ಕಾನೂನಿನ ಕಣ್ಣಿನಲ್ಲಿ ನೋಂದಣಿಯೇ ಇಲ್ಲದ ಗಾಡಿಯ ಲೆಕ್ಕ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಹೇಗೂ ಗಾಡಿ ನಿಲ್ಲಿಸಲೇಬೇಕಾದ ದಿನಗಳಿವು, ಆದ್ದರಿಂದ ದೊಡ್ಡ ಕೆಲಸಗಳನ್ನೆಲ್ಲ ಇದರ ಹಿಂದಿನ ವಾರಕ್ಕೆ ಕೂಡಿಸಿ. ನಿಮ್ಮ ಎಫ್.ಸಿ. ತಾರೀಖು ಟೊಮ್ಯಾಟೊ ಸೀಸನ್ನಿನ ನಡುವೆ ಬೀಳುತ್ತಿದ್ದರೆ ಮುಗಿಯುವ ಮೊದಲೇ ಮಾಡಿಸಿ ಸೀಸನ್ನಿನ ಆಚೆಗೆ ಸರಿಸಿಕೊಳ್ಳಿ. ಕೆಲವು ದಿನ ನಷ್ಟವಾದರೂ ಲಾಭವೇ.

ಎರಡನೆಯ ದಿನ ಆಯುಧಪೂಜೆಯದು. ಗಾಡಿಯನ್ನು ಹೇಗೂ ತೊಳೆಯುತ್ತೀರಿ. ಮೇಲುಮೇಲೆ ತೊಳೆಯದೆ ವಾಟರ್ ಸರ್ವಿಸ್‌ಗೆ ಬಿಟ್ಟು ಛಾಸಿ, ಹೌಸಿಂಗ್, ಇಂಜಿನ್ ತಳದವರೆಗೆ ಕೆಸರು ಗ್ರೀಸು ಎಲ್ಲ ತೆಗೆಸಿ. ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಒಂದೆರಡು ದಿನ ಓಡಿಸಿದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಕೊಳೆ ಇಲ್ಲದ ಲೋಹದ ಮೇಲೆ ಹೊಸ ಸೋರಿಕೆ ಎಲ್ಲಿಂದ ಶುರುವಾಗಿದೆ ಎಂಬುದು ಗೆರೆಯಂತೆ ಕಾಣುತ್ತದೆ. ಸ್ಪ್ರಿಂಗ್ ಪ್ಲೇಟಿನ ಬಿರುಕು, ಛಾಸಿಯ ತುಕ್ಕು ಕಾಣುವುದೂ ಆಗಲೇ. ಬಿರುಕು ಕಂಡಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಬಹುದು.

ಸೀಟಿನ ಹಿಂದೆ ಇಷ್ಟು ಸಾಮಾನು ಸದಾ ಇರಲಿ: ಒಂದು ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರ್, ಹೋಸ್ ಪೈಪು ಮತ್ತು ಕ್ಲಿಪ್ಪು, ಫ್ಯೂಸು, ಬಲ್ಬು, ಒಂದು ಲೀಟರ್ ಆಯಿಲ್, ಕೂಲೆಂಟ್ ಕ್ಯಾನು, ಜಂಪರ್ ಕೇಬಲ್, ಜಾಕಿ, ಜಾಕಿಯ ಕೆಳಗಿಡಲು ದಪ್ಪ ಮರದ ತುಂಡು, ಟಾರ್ಚು. ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆಯುವುದನ್ನು ಮೇಸ್ತ್ರಿಯ ಹತ್ತಿರ ಒಮ್ಮೆ ಕಲಿತಿಟ್ಟುಕೊಳ್ಳಿ.

ಮಾರಬೇಕೇ?

ಎರಡು ಪರೀಕ್ಷೆ ಮಾಡಿ, ಉತ್ತರ ನಿಮಗೇ ಸಿಗುತ್ತದೆ. ಒಂದು ಇಂಜಿನ್ನಿನದು. ಇಂಜಿನ್ ಬಿಸಿಯಾದ ಮೇಲೆ, ಸ್ಲೋನಲ್ಲಿ ಓಡುತ್ತಿರುವಾಗ, ಆಯಿಲ್ ಹಾಕುವ ಮುಚ್ಚಳವನ್ನು ಜೋಪಾನವಾಗಿ ಸಡಿಲಿಸಿ ತೆಗೆಯಿರಿ. ಸ್ವಲ್ಪ ಆವಿ ಬಂದರೆ ಈ ವಯಸ್ಸಿಗೆ ಸಹಜ. ಹೊಗೆ ಬುಸುಬುಸು ನುಗ್ಗಿ ಬಂದು, ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇದ್ದು, ಪದೇ ಪದೇ ಆಯಿಲ್ ಸುರಿಯಬೇಕಾಗುತ್ತಿದ್ದರೆ ರಿಂಗು, ಬೋರು ಸವೆದಿವೆ, ಇಂಜಿನ್ ಕೆಲಸ ಬಾಗಿಲಿಗೆ ಬಂದಿದೆ. ಕಪ್ಪು ಹೊಗೆ ಒಂದೇ ಆದರೆ ಹೆದರಬೇಡಿ, ಅದು ಏರ್ ಫಿಲ್ಟರ್, ಟರ್ಬೊ ಪೈಪು ಅಥವಾ ಇಂಜೆಕ್ಟರಿನ ದೂರು.

ಇನ್ನೊಂದು ಪರೀಕ್ಷೆ ಲೆಕ್ಕದ್ದು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೀಟರ್, ಮಾಡಿಸಿದ ಕೆಲಸ, ಖರ್ಚು, ನಿಂತ ದಿನದ ಹೋದ ಬಾಡಿಗೆ ಇಷ್ಟನ್ನು ವರ್ಷವಿಡೀ ಬರೆಯಿರಿ. ಹೊಸ ಗಾಡಿಯ ಕಂತು ತಿಂಗಳಿಗೆ 18,000 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 2,16,000 ಆಯಿತು, ಹೊಸದರ ವಿಮೆ ಬೇರೆ. ಹಳೆಯದರ ವರ್ಷದ ಖರ್ಚು ಮತ್ತು ಹೋದ ಬಾಡಿಗೆ ಸೇರಿ ಇದರ ಅರ್ಧಕ್ಕೂ ಬರದಿದ್ದರೆ ಮಾರುವ ಮಾತೇ ಬೇಡ. ಹತ್ತಿರ ಬಂದರೆ, ಅಥವಾ ಛಾಸಿಯ ತುಕ್ಕು ಸುತ್ತಿಗೆಯ ಪೆಟ್ಟಿಗೆ ಪದರಪದರವಾಗಿ ಉದುರಿದರೆ, ಓಡುವ ಸ್ಥಿತಿಯಲ್ಲಿರುವಾಗಲೇ ಮಾರಿ. ನಿಂತ ಗಾಡಿಗೆ ಗುಜರಿಯವನೇ ಬೆಲೆ ಕಟ್ಟುತ್ತಾನೆ.

ನಿಮ್ಮ ಪತ್ರದಲ್ಲಿ ಇಂಜಿನ್ನಿನ ಬಗ್ಗೆ ಒಂದು ದೂರೂ ಇಲ್ಲ, ಇರುವುದೆಲ್ಲ ಸಮಯದ ದೂರು. ಹಾಗಾಗಿ ಈ ಸೀಸನ್ನಿಗೆ ಮಾರುವ ಯೋಚನೆ ಬಿಡಿ. ಬರುವ ಬಿಡುವಿನ ಅರ್ಧ ದಿನದಲ್ಲಿ ಕೂಲೆಂಟ್ ಪೂರ್ತಿ ಬದಲಿಸಿ ಹೋಸ್ ಪೈಪು, ಬೆಲ್ಟು ಹೊಸದು ಹಾಕಿಸಿ. ಅದರ ಮುಂದಿನ ತಿಂಗಳು ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕು, ಬೇರಿಂಗ್ ನೋಡಿಸಿ. ಬ್ರೇಕಿನಲ್ಲಿ ಈಗಲೇ ಏನಾದರೂ ಅನುಮಾನವಿದ್ದರೆ ಮಾತ್ರ ಈ ಸರದಿ ತಿರುವುಮುರುವು ಮಾಡಿ.